ಬಿಲ್ಲಿಗೆ ಕಣ್ಣು ಬೇಕೆ?

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಬೆಳಗ್ಗೆ, ನಮ್ಮ ನಗರದ ಹೊರವಲಯದ ಒಂದು ಬಯಲಿನಲ್ಲಿ, ಬಿಲ್ವಿದ್ಯೆಯನ್ನು ಕಲಿಯುತ್ತಿದ್ದ ನಮ್ಮ ಶಾಲೆಯ ಕೆಲವು ಹುಡುಗರು ನನ್ನನ್ನು ಸುತ್ತುವರಿದರು. ಅವರಲ್ಲೊಬ್ಬನು ತನ್ನ ಅಗ್ಗದ ಕಾಂಪೌಂಡ್ ಬಿಲ್ಲಿಗೆ ಆ ದಿನ ಹೊಸದಾಗಿ ಸೈಟ್ ಹಾಕಿಸಿಕೊಂಡು ಬಂದಿದ್ದನು. ಉಳಿದವರು ಅವನನ್ನು ಹಾಸ್ಯಮಾಡುತ್ತಿದ್ದರು. "ಸಾರ್, ಅರ್ಜುನನ ಗಾಂಡೀವಕ್ಕೆ ಸೈಟ್ ಇತ್ತೆ? ಏಕಲವ್ಯನಿಗೆ ಪೀಪ್ ಇತ್ತೆ? ಇದು ಮೋಸವಲ್ಲವೆ?" ಎಂದು ಒಬ್ಬನು ಕೇಳಿದನು. ಹುಡುಗರೆಲ್ಲ ನಕ್ಕರು. ಸೈಟ್ ಹಾಕಿಸಿಕೊಂಡಿದ್ದ ಹುಡುಗನು ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ನಿಂತನು.

ಆ ದಿನ ನಾನು ಕೊಟ್ಟ ಉತ್ತರ ಚಿಕ್ಕದು. ಆದರೆ ಆ ಪ್ರಶ್ನೆ ಚಿಕ್ಕದಲ್ಲ. ಆದುದರಿಂದ ಈ ವಾರ್ಷಿಕ ಸಂಚಿಕೆಯ ಸಂಪಾದಕರು ನನ್ನಿಂದ ಒಂದು ಲೇಖನವನ್ನು ಬಯಸಿದಾಗ, ಅದಕ್ಕೇ ಸಾವಧಾನವಾಗಿ ಉತ್ತರ ಬರೆಯೋಣವೆಂದು ನಿಶ್ಚಯಿಸಿದೆನು. ಬಿಲ್ಲು ಹಿಡಿಯದ ವಿದ್ಯಾರ್ಥಿಗಳೂ ಇದನ್ನು ಓದಬೇಕೆಂಬುದು ನನ್ನ ಕೋರಿಕೆ. ಏಕೆಂದರೆ ಮಾತು ಬಿಲ್ಲಿನದಾದರೂ ಅದು ತಗಲುವುದು ಎಲ್ಲ ವಿದ್ಯೆಗಳಿಗೂ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಒಂದು ಕಾಲದಲ್ಲಿ ನಾನೂ ಆ ನಗುವವರ ಪಕ್ಷದವನೇ ಆಗಿದ್ದೆನು. ತಲೆ ತಗ್ಗಿಸಿ ನಿಂತ ಆ ಹುಡುಗನು ನನ್ನ ಬಳಿಗೆ ಬಂದುದು ಒಂಬತ್ತನೆಯ ತರಗತಿಯಲ್ಲಿದ್ದಾಗ. ಅವನ ತಂದೆ ನಗರದ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆಯವರು. ಯಾರೋ ಬಳಸಿ ಬಿಟ್ಟ ಒಂದು ಕಾಂಪೌಂಡ್ ಬಿಲ್ಲನ್ನು, ತಿಂಗಳ ಸಂಬಳದಲ್ಲಿ ಉಳಿಸಿದ ಹಣದಿಂದ, ಮಗನಿಗೆ ಕೊಡಿಸಿದ್ದರು. ಅದಕ್ಕೆ ಸೈಟ್ ಇರಲಿಲ್ಲ. ಹುಡುಗನು 20 ಮೀಟರ್ ದೂರದಿಂದ ಆರು ಬಾಣಗಳನ್ನು ಬಿಟ್ಟರೆ ಅವು ಒಂದು ದೊಡ್ಡ ಊಟದ ತಟ್ಟೆಯ ಅಗಲಕ್ಕೂ ಮೀರಿ ಚೆದರುತ್ತಿದ್ದವು. "ಸಾರ್, ಸೈಟ್ ಹಾಕಿಸಲೆ?" ಎಂದು ಅವನು ಕೇಳಿದಾಗ ನಾನು, "ಕಣ್ಣನ್ನು ಪಳಗಿಸು, ಸಲಕರಣೆಯನ್ನು ನೆಚ್ಚಬೇಡ" ಎಂದು ಉಪದೇಶ ಮಾಡಿದೆನು. ಉಪದೇಶ ಕೇಳುವುದಕ್ಕೆ ಚೆನ್ನಾಗಿತ್ತು. ಹುಡುಗನು ಅದನ್ನು ನಂಬಿ ಹೆಚ್ಚುಕಡಿಮೆ ಒಂದು ವರ್ಷ ಕಣ್ಣನ್ನು ಪಳಗಿಸಿದನು. ಬಾಣಗಳು ಮಾತ್ರ ಹಾಗೆಯೇ ಚೆದರುತ್ತಿದ್ದವು.

ಆಗ ಬಯಲಿನಲ್ಲಿ ಇನ್ನೊಂದು ಮಾತು ಹುಟ್ಟಿತು: "ಬಿಲ್ಲೇ ಕೆಟ್ಟದ್ದು, ಅಗ್ಗದ್ದು, ಅದನ್ನು ಎಸೆದು ಒಳ್ಳೆಯದನ್ನು ಕೊಳ್ಳಬೇಕು." ಈ ಮಾತು ಹುಡುಗನ ಮೂಲಕ ಮನೆ ಸೇರಿತು. ಕೆಲವು ದಿನಗಳ ಮೇಲೆ ಅವನ ತಂದೆ ನನ್ನನ್ನು ಕಾಣಲು ಬಂದರು. "ಮೇಷ್ಟ್ರೇ, ಹೋಟೆಲಿನಲ್ಲಿ ಮುಂಗಡ ಕೇಳಿದ್ದೇನೆ, ಮಿಕ್ಕದ್ದನ್ನು ಬಡ್ಡಿಗೆ ತರುತ್ತೇನೆ. ಯಾವ ಬಿಲ್ಲು ತೆಗೆಯಬೇಕು, ನೀವೇ ಹೇಳಿ" ಎಂದರು. ಆ ಕ್ಷಣದಲ್ಲಿ ನನಗೆ ನಾಚಿಕೆಯಾಯಿತು. ತರಗತಿಯಲ್ಲಿ ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆಂದು ವರ್ಷವರ್ಷವೂ ಪಾಠ ಹೇಳುವ ನಾನು, ಬಯಲಿಗೆ ಬಂದೊಡನೆ ಆ ಪಾಠವನ್ನು ಮರೆತು, ಪರೀಕ್ಷಿಸದ ಒಂದು ಅಭಿಪ್ರಾಯವನ್ನು ಹುಡುಗನ ಮೇಲೆ ಹೇರಿದ್ದೆನು. ಅದರ ಬೆಲೆಯನ್ನು ತೆರಲು ಸಿದ್ಧವಾಗಿ ಒಬ್ಬ ಬಡ ತಂದೆ ಬಾಗಿಲಲ್ಲಿ ನಿಂತಿದ್ದರು.

"ಕುಣಿಯಲಾರದವಳು ನೆಲ ಡೊಂಕೆಂದಳು" ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ನೆಲವು ನಿಜವಾಗಿಯೂ ಡೊಂಕಾಗಿದ್ದರೆ? ಅದನ್ನು ತಿಳಿಯುವ ಬಗೆ ಹೇಗೆ? ಗಾರೆ ಕೆಲಸದವನು ವಾದ ಮಾಡುವುದಿಲ್ಲ. ರಸಮಟ್ಟವನ್ನು ನೆಲದ ಮೇಲಿಟ್ಟು ಗುಳ್ಳೆಯನ್ನು ನೋಡುತ್ತಾನೆ. ಡೊಂಕು ನೆಲದ್ದೋ ಕುಣಿಯುವವಳದ್ದೋ ಆಗ ತಾನಾಗಿಯೇ ಗೊತ್ತಾಗುತ್ತದೆ. ಬಿಲ್ಲಿನ ಸೈಟ್ ಸಹ ಇಂಥದೇ ಒಂದು ರಸಮಟ್ಟ. ಅದು ಬಿಲ್ಲುಗಾರನ ಬದಲಿಗೆ ಗುರಿಯಿಡುವುದಿಲ್ಲ. ತಪ್ಪು ಯಾರದೆಂಬುದನ್ನು ಪಕ್ಷಪಾತವಿಲ್ಲದೆ ಹೇಳುತ್ತದೆ. ಅಗ್ಗದ ಬಿಲ್ಲನ್ನು ಹಿಡಿದವನಿಗೆ ಈ ಸಾಕ್ಷಿ ಎಲ್ಲರಿಗಿಂತ ಹೆಚ್ಚು ಅವಶ್ಯಕ. ಇದೇ ಈ ಲೇಖನದ ಸಾರ. ಇದನ್ನು ಇನ್ನು ವಿವರಿಸುತ್ತೇನೆ.

ಕಾಂಪೌಂಡ್ ಬಿಲ್ಲು ಬಹಳ ಹಳೆಯದೇನಲ್ಲ. ಅಮೆರಿಕದ ಮಿಸೌರಿ ರಾಜ್ಯದ ಹೊಲೆಸ್ ವಿಲ್ಬರ್ ಆಲೆನ್ ಎಂಬಾತನು 1966ರಲ್ಲಿ ಇದಕ್ಕೆ ಪೇಟೆಂಟ್ ಕೋರಿದನು. 1969ರಲ್ಲಿ ಅದು ದೊರೆಯಿತು. ಸಾಮಾನ್ಯ ಬಿಲ್ಲಿನಲ್ಲಿ ಹೆದೆಯನ್ನು ಎಳೆದಷ್ಟೂ ಭಾರ ಹೆಚ್ಚುತ್ತ ಹೋಗುತ್ತದೆ. ಇದರಲ್ಲಿ ತುದಿಗಳಲ್ಲಿರುವ ಓರೆಗಾಲಿಗಳು ತಿರುಗಿ, ಪೂರ್ಣವಾಗಿ ಎಳೆದಾಗ ಭಾರದ ಬಹುಪಾಲನ್ನು ತಾವೇ ಹೊರುತ್ತವೆ. 40 ಪೌಂಡ್ ಬಿಲ್ಲಿನಲ್ಲಿ ನೂರಕ್ಕೆ 70 ಪಾಲು ಇಳಿದರೆ ಕೈಯಲ್ಲಿ ಉಳಿಯುವುದು 12 ಪೌಂಡ್ ಮಾತ್ರ. ಆದುದರಿಂದ ಬಿಲ್ಲುಗಾರನಿಗೆ ನಿಂತು ನೋಡುವುದಕ್ಕೆ ಬಿಡುವು ದೊರೆಯುತ್ತದೆ. ನೋಡಲು ಬಿಡುವಿದ್ದ ಮೇಲೆ ನೋಡುವ ಸಾಧನವಿಲ್ಲದಿದ್ದರೆ ಆ ಬಿಡುವಿನ ಅರ್ಧ ಪ್ರಯೋಜನ ವ್ಯರ್ಥವೇ ಸರಿ.

ಇಲ್ಲಿ ಸೈಟ್ ಎಂದರೆ ಬೆಂಗಳೂರಿನ ನಮ್ಮ ಬಂಧುಗಳು ಸದಾ ಮಾತನಾಡುವ ಮನೆಯ ನಿವೇಶನವಲ್ಲವೆಂದು ಬೇರೆ ಹೇಳಬೇಕಾಗಿಲ್ಲ! ಇದು ಬಿಲ್ಲಿನ ನಡುಭಾಗಕ್ಕೆ ತಿರುಪಿನಿಂದ ಬಿಗಿಯುವ ಒಂದು ಚಿಕ್ಕ ಚೌಕಟ್ಟು. ಅದರೊಳಗೆ ಒಂದರ ಕೆಳಗೊಂದು ಬಣ್ಣಬಣ್ಣದ ಪಿನ್ನುಗಳಿರುತ್ತವೆ. ಇನ್ನೊಂದು ಸಾಧನ ಪೀಪ್. ಇದು ಹೆದೆಯ ಎಳೆಗಳ ನಡುವೆ ಕೂರಿಸುವ ಒಂದು ಸಣ್ಣ ರಂಧ್ರದ ಬಿಲ್ಲೆ. ಹೆದೆಯನ್ನು ಪೂರ್ಣವಾಗಿ ಎಳೆದಾಗ ಅದು ಕಣ್ಣಿನ ಮುಂದೆ ಬಂದು ನಿಲ್ಲುತ್ತದೆ. ಮೂರನೆಯದು ಚೌಕಟ್ಟಿನ ತಳದಲ್ಲಿರುವ ಗುಳ್ಳೆಯ ಮಟ್ಟ, ನಾನು ಮೇಲೆ ಹೇಳಿದ ರಸಮಟ್ಟದ ಮರಿ.

ಈ ಮೂರರ ಕೆಲಸವನ್ನು ರೇಖಾಗಣಿತ ಬಲ್ಲ ಯಾವ ವಿದ್ಯಾರ್ಥಿಯಾದರೂ ಊಹಿಸಬಲ್ಲನು. ಒಂದು ಬಿಂದುವಿನ ಮೂಲಕ ಎಷ್ಟು ಸರಳರೇಖೆಗಳನ್ನಾದರೂ ಎಳೆಯಬಹುದು. ಎರಡು ಬಿಂದುಗಳ ಮೂಲಕ ಒಂದನ್ನು ಮಾತ್ರ. ಬರಿಯ ಪಿನ್ನು ಒಂದೇ ಬಿಂದು. ತಲೆ ಸ್ವಲ್ಪ ಅಲುಗಿದರೂ ರೇಖೆ ಬದಲಾಗುತ್ತದೆ, ಪಿನ್ನು ಮಾತ್ರ ಗುರಿಯ ಮೇಲೆಯೇ ಇರುವಂತೆ ತೋರುತ್ತದೆ. ಪೀಪ್ ಎರಡನೆಯ ಬಿಂದು. ಅದು ಸೇರಿದೊಡನೆ ರೇಖೆ ನಿಶ್ಚಿತವಾಯಿತು. ಬಂದೂಕಿನ ಹಿಂದಿನ ಕಣ್ಣು ಮುಂದಿನ ಕಣ್ಣುಗಳೂ ಇದೇ ನಿಯಮದ ಮೇಲೆ ನಿಂತಿವೆ. ಗಗನ್ ನಾರಂಗ್ ಅವರು ನಮ್ಮ ಹೈದರಾಬಾದಿನಲ್ಲಿ ಬೆಳೆದವರು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಕಂಚಿನ ಪದಕ ಪಡೆದರು. ಅವರ ರೈಫಲಿಗೆ ಕಣ್ಣಿತ್ತೆಂಬ ಕಾರಣದಿಂದ ಆ ಪದಕ ಕಡಿಮೆಯೆಂದು ನಮ್ಮಲ್ಲಿ ಯಾರೂ ಹೇಳಿದ್ದಿಲ್ಲ. ಬಿಲ್ಲಿನ ವಿಷಯದಲ್ಲಿ ಮಾತ್ರ ಈ ಮಡಿವಂತಿಕೆ ಏಕೆ?

ಇನ್ನು ಲೆಕ್ಕಕ್ಕೆ ಬರೋಣ. ನಮ್ಮ ಹುಡುಗರ ತೋಳಿನ ಅಳತೆಗೆ ಪೀಪಿನಿಂದ ಪಿನ್ನಿಗೆ ಸುಮಾರು 80 ಸೆಂಟಿಮೀಟರ್ ದೂರವೆಂದು ಇಟ್ಟುಕೊಳ್ಳಿ. 20 ಮೀಟರ್ ಎಂಬುದು ಅದರ 25 ಪಟ್ಟು. ಪಿನ್ನಿನ ಬಳಿ ಕೇವಲ 1 ಮಿಲಿಮೀಟರ್ ತಪ್ಪಾದರೆ 20 ಮೀಟರ್ ದೂರದ ಗುರಿಯಲ್ಲಿ ಅದು 25 ಮಿಲಿಮೀಟರ್ ಆಗುತ್ತದೆ. ಕಾಂಪೌಂಡ್ ಬಿಲ್ಲಿನ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯುವುದು 50 ಮೀಟರ್ ದೂರದಲ್ಲಿ. ಅಲ್ಲಿ ಅದೇ 1 ಮಿಲಿಮೀಟರ್ ತಪ್ಪು 62 ಮಿಲಿಮೀಟರಿಗೂ ಮೀರುತ್ತದೆ. ಆ ಗುರಿಫಲಕದಲ್ಲಿ ಹತ್ತು ಅಂಕಗಳ ವೃತ್ತದ ವ್ಯಾಸ 8 ಸೆಂಟಿಮೀಟರ್, ಅಂದರೆ ನಡುವಿನಿಂದ ಅಂಚಿಗೆ 40 ಮಿಲಿಮೀಟರ್. ಒಂದು ಮಿಲಿಮೀಟರಿನ ಅಲುಗಾಟ ಹತ್ತನ್ನು ಕಳೆಯಲು ಸಾಕು. ಸಾಧನವಿಲ್ಲದ ಕಣ್ಣು ಇಷ್ಟು ಸೂಕ್ಷ್ಮವನ್ನು ತಾನೇ ಅಳೆದುಕೊಳ್ಳಬೇಕೆಂದು ಬಯಸುವುದು, ಅಳತೆಗೋಲಿಲ್ಲದೆ ಬಟ್ಟೆ ಕತ್ತರಿಸೆಂದು ದರ್ಜಿಗೆ ಹೇಳಿದಂತೆ.

ಪಿನ್ನುಗಳು ಹಲವಿರುವುದೇಕೆ? ಬಾಣ ಹಾರುತ್ತ ಹಾರುತ್ತ ಬೀಳುತ್ತಲೂ ಇರುತ್ತದೆ. ಅಗ್ಗದ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 60 ಮೀಟರ್ ವೇಗದಲ್ಲಿ ಹೋಗುವುದೆಂದು ಭಾವಿಸಿದರೆ, 10 ಮೀಟರ್ ತಲುಪುವಷ್ಟರಲ್ಲಿ ಅದು ತನ್ನ ಸರಳರೇಖೆಯಿಂದ ಹೆಚ್ಚುಕಡಿಮೆ 14 ಸೆಂಟಿಮೀಟರ್ ಇಳಿದಿರುತ್ತದೆ. 20 ಮೀಟರಿಗೆ 54 ಸೆಂಟಿಮೀಟರ್. 30 ಮೀಟರಿಗೆ 122 ಸೆಂಟಿಮೀಟರ್. ದೂರ ಮೂರರಷ್ಟಾದರೆ ಇಳಿತ ಮೂರರಷ್ಟಲ್ಲ, ಒಂಬತ್ತರಷ್ಟು. ಗುರುತ್ವಾಕರ್ಷಣೆಯ ಪಾಠದಲ್ಲಿ ಕಾಲದ ವರ್ಗವೆಂದು ಕಂಠಪಾಠ ಮಾಡಿದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಆದುದರಿಂದ ಹತ್ತಿರದ ಗುರಿಗೆ ಮೇಲಿನ ಪಿನ್ನು, ದೂರದ ಗುರಿಗೆ ಕೆಳಗಿನ ಪಿನ್ನು. ಕೆಳಗಿನ ಪಿನ್ನನ್ನು ಗುರಿಗೆ ತರಬೇಕಾದರೆ ಬಿಲ್ಲನ್ನು ಎತ್ತಲೇಬೇಕಾಗುತ್ತದೆ. ಅಗ್ಗದ ಬಿಲ್ಲಿನ ಬಾಣ ನಿಧಾನವಾದ್ದರಿಂದ ಅದು ಹೆಚ್ಚು ಇಳಿಯುತ್ತದೆ. ಎಂದರೆ ದೂರವನ್ನು ಕಣ್ಣಂದಾಜಿನಲ್ಲಿ ಸರಿದೂಗಿಸುವ ಕಷ್ಟ ಬೆಲೆಯುಳ್ಳ ಬಿಲ್ಲಿನವನಿಗಿಂತ ಬಡವನಿಗೇ ಹೆಚ್ಚು. ಸೈಟ್ ಶ್ರೀಮಂತರ ಆಡಂಬರವೆಂದು ತಿಳಿದವರು ಈ ಮಾತನ್ನು ಗಮನಿಸಬೇಕು.

ನಮ್ಮ ಹುಡುಗನ ಕಥೆಗೆ ಮರಳೋಣ. ತಂದೆಗೆ ನಾನು, "ಸಾಲ ಮಾಡಬೇಡಿ. ಒಂದು ತಿಂಗಳು ಕೊಡಿ" ಎಂದೆನು. ಬಿಲ್ಲಿನ ಕೆಲಸ ಬಲ್ಲ ಒಬ್ಬ ತರಬೇತುದಾರರ ಬಳಿ ಪೀಪ್ ಕೂರಿಸಿ, ಮೂರು ಪಿನ್ನುಗಳ ಸಾಧಾರಣ ಸೈಟ್ ಒಂದನ್ನು ಹಾಕಿಸಿದೆವು. ಹುಡುಗರು ನಕ್ಕದ್ದು ಆ ಭಾನುವಾರವೇ. ನಗು ಅಡಗಿದ ಮೇಲೆ ಹುಡುಗನು 20 ಮೀಟರಿನಲ್ಲಿ ನಿಂತು ಆರು ಬಾಣಗಳನ್ನು ಬಿಟ್ಟನು. ಮೊದಲ ಸರದಿಯಲ್ಲಿ ಅವನಿಗೆ ಪೀಪಿನೊಳಗೆ ಏನೂ ಕಾಣಲೇ ಇಲ್ಲ. ಆಗ ನಿಜ ತಿಳಿಯಿತು: ಅವನ ಕೈ ಒಂದು ಸಲ ದವಡೆಯ ಮೂಲೆಗೆ, ಒಂದು ಸಲ ಗದ್ದದ ಕೆಳಗೆ ಬಂದು ನಿಲ್ಲುತ್ತಿತ್ತು. ವರ್ಷವೆಲ್ಲ ನಾನು ಪಕ್ಕದಲ್ಲಿ ನಿಂತು ನೋಡಿದರೂ ನನಗೆ ಕಾಣದ ತಪ್ಪನ್ನು ಬಟಾಣಿಯಷ್ಟಿರುವ ಆ ಬಿಲ್ಲೆ ಒಂದು ನಿಮಿಷದಲ್ಲಿ ತೋರಿಸಿತು. ಕೈ ಪ್ರತಿ ಸಲವೂ ಒಂದೇ ಜಾಗಕ್ಕೆ ಬಂದರೆ ಮಾತ್ರ ರಂಧ್ರದಲ್ಲಿ ಬೆಳಕು, ಇಲ್ಲವಾದರೆ ಕತ್ತಲು. ಇಂಥ ಕಟ್ಟುನಿಟ್ಟಿನ ಗುರು ಎಲ್ಲಿ ದೊರೆಯುತ್ತಾನೆ?

ಗುಳ್ಳೆಯ ಮಟ್ಟ ಎರಡನೆಯ ದೋಷವನ್ನು ತೋರಿಸಿತು. ಅವನು ಬಿಲ್ಲನ್ನು ತಿಳಿಯದೆಯೇ ಎಡಕ್ಕೆ ವಾಲಿಸುತ್ತಿದ್ದನು. ಬಿಲ್ಲು ವಾಲಿದ ಕಡೆಗೇ ಬಾಣವೂ ಸರಿದು ಸ್ವಲ್ಪ ಕೆಳಗೆ ಬೀಳುತ್ತದೆ. ಇವೆರಡನ್ನೂ ತಿದ್ದಿಕೊಳ್ಳಲು ಮೂರು ಭಾನುವಾರಗಳು ಬೇಕಾದವು. ನಾಲ್ಕನೆಯ ಭಾನುವಾರ ಬಿಟ್ಟ ಆರು ಬಾಣಗಳೂ ಒಂದು ಅಂಗೈಯ ಅಗಲದೊಳಗೆ ಗುಂಪಾಗಿ ನೆಟ್ಟವು. ಆದರೆ ಗುಂಪು ಇದ್ದುದು ನಡುವಿನಲ್ಲಲ್ಲ, ಎಡಕ್ಕೆ 20 ಸೆಂಟಿಮೀಟರ್ ದೂರದಲ್ಲಿ. ಹುಡುಗನ ಮುಖ ಬಾಡಿತು. "ಸಾರ್, ಒಂದೂ ನಡುವಿಗೆ ಬೀಳಲಿಲ್ಲ" ಎಂದನು. ನನಗೆ ಮಾತ್ರ ಆನಂದದಿಂದ ಕೂಗಿಕೊಳ್ಳುವಂತಾಯಿತು. ಏಕೆಂದರೆ ಬಾಣಗಳನ್ನು ಒಂದೆಡೆ ಸೇರಿಸುವುದು ಬಿಲ್ಲುಗಾರನ ಕೆಲಸ. ಆ ಗುಂಪನ್ನು ನಡುವಿಗೆ ತರುವುದು ತಿರುಪಿನ ಕೆಲಸ. ಚೆದರಿದ ತಪ್ಪನ್ನು ಯಾರಿಂದಲೂ ತಿದ್ದಲಾಗದು, ಒಂದೆಡೆ ನಿಂತ ತಪ್ಪನ್ನು ಮಗುವೂ ತಿದ್ದಬಹುದು.

ತಿದ್ದುವ ನಿಯಮ ಸರಳ: ಪಿನ್ನು ಬಾಣವನ್ನು ಹಿಂಬಾಲಿಸಬೇಕು. ಬಾಣಗಳು ಎಡಕ್ಕೆ ಬಿದ್ದರೆ ಪಿನ್ನನ್ನೂ ಎಡಕ್ಕೆ ಸರಿಸಬೇಕು. ಕೆಳಕ್ಕೆ ಬಿದ್ದರೆ ಕೆಳಕ್ಕೆ. ಮೊದಲ ನೋಟಕ್ಕೆ ಇದು ತಲೆಕೆಳಗಾಗಿ ತೋರುತ್ತದೆ. ಆದರೆ ಎಡಕ್ಕೆ ಸರಿದ ಪಿನ್ನನ್ನು ಮತ್ತೆ ಗುರಿಯ ಮೇಲೆ ತರಬೇಕಾದರೆ ಬಿಲ್ಲನ್ನು ಬಲಕ್ಕೆ ತಿರುಗಿಸಬೇಕಾಗುತ್ತದೆಂಬುದನ್ನು ಯೋಚಿಸಿ ನೋಡಿರಿ. ಎಷ್ಟು ಸರಿಸಬೇಕು? ಹುಡುಗನು ಅಲ್ಲಿಯೇ ನೆಲದ ಮೇಲೆ ಕುಳಿತು ತ್ರೈರಾಶಿ ಮಾಡಿದನು. 20 ಮೀಟರಿನಲ್ಲಿ 25 ಮಿಲಿಮೀಟರಿಗೆ ಪಿನ್ನಿನಲ್ಲಿ 1 ಮಿಲಿಮೀಟರ್. ಹಾಗಾದರೆ 200 ಮಿಲಿಮೀಟರಿಗೆ ಎಷ್ಟು? ಎಂಟು. ತಿರುಪನ್ನು ಸಡಿಲಿಸಿ ಪಿನ್ನನ್ನು 8 ಮಿಲಿಮೀಟರ್ ಎಡಕ್ಕೆ ಸರಿಸಿ ಬಿಗಿದನು. ಮುಂದಿನ ಆರು ಬಾಣಗಳಲ್ಲಿ ನಾಲ್ಕು ಹಳದಿ ವೃತ್ತದಲ್ಲಿ ನೆಟ್ಟವು. ನಕ್ಕಿದ್ದ ಹುಡುಗರೆಲ್ಲ ಓಡಿಹೋಗಿ ಗುರಿಫಲಕವನ್ನು ಮುತ್ತಿಕೊಂಡರು. ಬಿಲ್ಲು ಅದೇ ಹಳೆಯ ಬಿಲ್ಲು. ವರ್ಷವೆಲ್ಲ ಅದನ್ನು ನಾವು ವೃಥಾ ಬೈದಿದ್ದೆವು.

ಈಗ ಅರ್ಜುನನ ಪ್ರಶ್ನೆಗೆ ಬರುತ್ತೇನೆ. ಅರ್ಜುನನ ಹೆಸರನ್ನು ಎತ್ತುವ ಹಕ್ಕು ನಮ್ಮ ನಾಡಿನ ಕನ್ನಡಿಗರಿಗೆ ಉಳಿದವರಿಗಿಂತ ಒಂದು ಕೈ ಹೆಚ್ಚಾಗಿಯೇ ಇದೆ. ಆದಿಕವಿ ಪಂಪನು ತನ್ನ ಆಶ್ರಯದಾತನಾದ ಇಮ್ಮಡಿ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡಿ ವಿಕ್ರಮಾರ್ಜುನ ವಿಜಯವನ್ನು ರಚಿಸಿದ್ದು ಕ್ರಿ. ಶ. 941ರ ಸುಮಾರಿಗೆ. ಆ ಅರಿಕೇಸರಿ ಆಳಿದ ವೇಮುಲವಾಡ ಇರುವುದು ಇದೇ ತೆಲಂಗಾಣದಲ್ಲಿ. ಪಂಪನ ತಮ್ಮ ಜಿನವಲ್ಲಭನು ಸಂಸ್ಕೃತ, ಕನ್ನಡ, ತೆಲುಗು ಈ ಮೂರು ಭಾಷೆಗಳಲ್ಲಿ ಬರೆಯಿಸಿದ ಕುರಿಕ್ಯಾಲ ಶಾಸನವೂ ಅದೇ ಸೀಮೆಯದು. ಕನ್ನಡದ ಅರ್ಜುನನು ಈ ಮಣ್ಣಿನಲ್ಲಿಯೇ ಬಿಲ್ಲು ಹಿಡಿದನೆಂದರೆ ತಪ್ಪಾಗದು.

ಆ ಅರ್ಜುನನು ಸಾಧನಗಳನ್ನು ತಿರಸ್ಕರಿಸಿದನೆ? ಅಗ್ನಿಯಿಂದ ಗಾಂಡೀವವನ್ನೂ ಬರಿದಾಗದ ಬತ್ತಳಿಕೆಗಳನ್ನೂ ಪಡೆದನು. ಶಿವನನ್ನು ಮೆಚ್ಚಿಸಿ ಪಾಶುಪತವನ್ನು ಪಡೆದನು. ಯುದ್ಧಕ್ಕೆ ಸಾಕ್ಷಾತ್ ಕೃಷ್ಣನನ್ನೇ ಸಾರಥಿಯನ್ನಾಗಿ ಮಾಡಿಕೊಂಡನು. ದ್ರೌಪದಿಯ ಸ್ವಯಂವರದಲ್ಲಿ, ನಮ್ಮ ಜನರಲ್ಲಿ ಪ್ರಚಲಿತವಾಗಿರುವ ಕಥೆಯಂತೆ, ಕೆಳಗಿನ ನೀರಿನಲ್ಲಿ ಪ್ರತಿಬಿಂಬವನ್ನು ನೋಡುತ್ತ ಮೇಲಿನ ಮತ್ಸ್ಯಯಂತ್ರವನ್ನು ಭೇದಿಸಿದನು. ಆ ನೀರು ಒಂದು ನೋಟದ ಸಾಧನವಲ್ಲದೆ ಮತ್ತೇನು? ಅರ್ಜುನನ ಹಿರಿಮೆ ಇರುವುದು ಸಾಧನವಿಲ್ಲದೆ ಹೊಡೆದುದರಲ್ಲಿ ಅಲ್ಲ. ದ್ರೋಣರು ಕೇಳಿದಾಗ ಹಕ್ಕಿಯ ಕಣ್ಣಿನ ಹೊರತು ಬೇರೆ ಏನೂ ಕಾಣುವುದಿಲ್ಲವೆಂದ ಆ ಏಕಾಗ್ರತೆಯಲ್ಲಿ. ಪೀಪಿನ ರಂಧ್ರವೂ ಬಿಲ್ಲುಗಾರನಿಗೆ ಅದನ್ನೇ ಕಲಿಸುತ್ತದೆ: ಮರ ಬೇಡ, ಕೊಂಬೆ ಬೇಡ, ಕಣ್ಣೊಂದೇ ಸಾಕು.

ಪುರಾಣವನ್ನು ಒಪ್ಪದವರು ನಮ್ಮ ಊರಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಬರಲಿ. ಅಲ್ಲಿಯ ಜೇಡ್ ಕಲ್ಲಿನ ವಸ್ತುಗಳಲ್ಲಿ ಬಿಲ್ಲುಗಾರನ ಉಂಗುರವೊಂದಿದೆ. ಅದರ ಮೇಲೆ ಷಾಹಜಹಾನನ ಬಿರುದನ್ನು ಕೆತ್ತಿದೆ. ಹೆಬ್ಬೆರಳಿನಿಂದ ಹೆದೆಯನ್ನೆಳೆಯುವವರು ಬೆರಳು ಕೊಯ್ಯದಂತೆ, ಹೆದೆ ನುಣ್ಣಗೆ ಜಾರಿ ಬಿಡುವಂತೆ ಇಂಥ ಉಂಗುರವನ್ನು ತೊಡುತ್ತಿದ್ದರು. ಇಂದು ಕಾಂಪೌಂಡ್ ಬಿಲ್ಲಿನವರು ಹೆದೆಯನ್ನು ಬಿಡಲು ಬಳಸುವ ರಿಲೀಸ್ ಎಂಬ ಸಾಧನವನ್ನು ಈ ಉಂಗುರದ ಮೊಮ್ಮಗನೆನ್ನಬಹುದು. ಸಾಧನವನ್ನು ಬಳಸಲು ಚಕ್ರವರ್ತಿಯ ಕೈಗೆ ನಾಚಿಕೆಯಾಗಲಿಲ್ಲ. ಅಡುಗೆಯವರ ಮಗನಿಗೇಕೆ ನಾಚಿಕೆ?

ಎದುರಾಳಿಗಳ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಸೈಟ್ ಇಲ್ಲದೆ ಬಾಣ ಬಿಡುವುದು ಒಂದು ಸ್ವತಂತ್ರವಾದ, ಗೌರವಾರ್ಹವಾದ ಕಲೆ. ಅದಕ್ಕೆಂದೇ ಬೇರ್‌ಬೋ ಎಂಬ ಪ್ರತ್ಯೇಕ ವಿಭಾಗವಿದೆ. ಒಲಿಂಪಿಕ್ಸಿನ ರಿಕರ್ವ್ ಬಿಲ್ಲಿಗೆ ಮುಂದಿನ ಸೈಟ್ ಇರಬಹುದು, ಆದರೆ ಪೀಪ್ ಇರಕೂಡದು. ಕಾಂಪೌಂಡಿಗೆ ಪೀಪ್, ಮಟ್ಟ, ದೊಡ್ಡದು ಮಾಡಿ ತೋರಿಸುವ ಮಸೂರ ಎಲ್ಲಕ್ಕೂ ಅನುಮತಿಯಿದೆ; ವಿದ್ಯುತ್ತಿನಿಂದ ನಡೆಯುವ ಯಾವುದಕ್ಕೂ ಇಲ್ಲ. ಆಯಾ ಆಟಕ್ಕೆ ಆಯಾ ನಿಯಮ. ನಿಯಮ ಒಪ್ಪಿದ ಸಾಧನವನ್ನು ಬಳಸುವುದು ಮೋಸವಲ್ಲ. ನಿಯಮ ಒಪ್ಪದ್ದನ್ನು ಮರೆಯಲ್ಲಿ ಬಳಸುವುದು ಮೋಸ.

ನಿಯಮದೊಳಗೆ ಸಾಧನವನ್ನು ಪಳಗಿಸಿದವರು ಎಷ್ಟು ಎತ್ತರಕ್ಕೆ ಏರಿದ್ದಾರೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ವಿಜಯವಾಡದ ಜ್ಯೋತಿ ಸುರೇಖಾ ವೆನ್ನಂ ಅವರು 2023ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ಕಾಂಪೌಂಡ್ ಬಿಲ್ಲಿನಿಂದ ಮೂರು ಚಿನ್ನದ ಪದಕಗಳನ್ನು ಗೆದ್ದರು. ನಮ್ಮದೇ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯ ಚಿಕಿತಾ ತಾನಿಪರ್ತಿ ಅವರು 2025ರಲ್ಲಿ ಕೆನಡಾದ ವಿನಿಪೆಗ್ ನಗರದ ವಿಶ್ವ ಯುವ ಸ್ಪರ್ಧೆಯಲ್ಲಿ ಚಿನ್ನ ಪಡೆದರು. ಪೆದ್ದಪಲ್ಲಿಯೂ ವೇಮುಲವಾಡವೂ 2016ರವರೆಗೆ ಒಂದೇ ಕರೀಂನಗರ ಜಿಲ್ಲೆಯಲ್ಲಿದ್ದವು. ಪಂಪನ ಅರ್ಜುನನ ನೆರೆಯವರೇ ಈಕೆ! ಜಮ್ಮು ಸೀಮೆಯ ಕಿಶ್ತವಾಡದ ಶೀತಲ್ ದೇವಿ ಹುಟ್ಟಿನಿಂದ ತೋಳುಗಳಿಲ್ಲದವರು. ಕಾಲಿನಿಂದ ಬಿಲ್ಲು ಹಿಡಿದು, ಭುಜಕ್ಕೆ ಕಟ್ಟಿದ ಸಾಧನದಿಂದ ಹೆದೆಯೆಳೆದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ರಾಕೇಶ್ ಕುಮಾರ್ ಅವರೊಡನೆ ಕಂಚಿನ ಪದಕ ಗೆದ್ದರು. ಆ ಬಾಣವನ್ನು ಬಿಟ್ಟದ್ದು ಸಾಧನವೆಂದು ಹೇಳುವ ಧೈರ್ಯ ಯಾರಿಗಿದೆ? 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಕಾಂಪೌಂಡ್ ಬಿಲ್ಲಿನ ಮಿಶ್ರ ತಂಡಗಳ ಸ್ಪರ್ಧೆ ಮೊದಲ ಬಾರಿಗೆ ಸೇರಬೇಕೆಂದು ನಿರ್ಧಾರವಾಗಿದೆ.

ಹಾಗೆಂದು ಅಂಗಡಿಯಲ್ಲಿರುವುದನ್ನೆಲ್ಲ ಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಸಾಧನವನ್ನು ತಿರಸ್ಕರಿಸುವುದು ಒಂದು ಅವಿವೇಕವಾದರೆ, ಸಾಧನಗಳನ್ನು ಗುಡ್ಡೆಹಾಕುವುದು ಇನ್ನೊಂದು. ಅಗ್ಗದ ಬಿಲ್ಲಿನವನಿಗೆ ಪೀಪ್, ಮೂರು ಪಿನ್ನುಗಳ ಸೈಟ್, ಅದರಲ್ಲಿಯೇ ಗುಳ್ಳೆಯ ಮಟ್ಟ ಇಷ್ಟು ಸಾಕು. ಮಸೂರ, ಉದ್ದನೆಯ ಭಾರದ ದಂಡ ಮೊದಲಾದುವು ಆಮೇಲೆ. ನಾಲ್ಕನೆಯ ಸಾಧನವೊಂದು ಮಾತ್ರ ಮೊದಲ ದಿನದಿಂದಲೇ ಬೇಕು: ಒಂದು ನೋಟುಬುಕ್ಕು. ಬಾಣಗಳಿಗೆ 1ರಿಂದ 6ರವರೆಗೆ ಸಂಖ್ಯೆ ಬರೆದು, ಪ್ರತಿ ಬಾಣವೂ ಎಲ್ಲಿ ನೆಟ್ಟಿತೆಂದು ಪುಟದಲ್ಲಿ ಗುರುತು ಹಾಕಬೇಕು. 4ನೆಯ ಬಾಣ ಪ್ರತಿ ಸಲವೂ ಬೇರೆಡೆಗೆ ಹೋಗುತ್ತಿದ್ದರೆ ದೋಷ ಆ ಬಾಣದ್ದು; ಅದನ್ನು ತೆಗೆದಿಡಬೇಕು. ಉದ್ದ, ತೂಕ, ಗಡಸು ಒಂದೇ ಸಮನಾಗಿಲ್ಲದ ಬಾಣಗಳನ್ನು ಯಾವ ಸೈಟೂ ಉದ್ಧರಿಸಲಾರದು. ಒಂದು ಬಾಣವನ್ನು ನೋಡಿ ತಿರುಪನ್ನು ಮುಟ್ಟಬಾರದು. ಗುಂಪನ್ನು ನೋಡಿಯೇ ಮುಟ್ಟಬೇಕು. ಅಗ್ಗದ ಸೈಟಿನ ತಿರುಪುಗಳು ಬಿಲ್ಲಿನ ನಡುಕಕ್ಕೆ ಸಡಿಲವಾಗುವುದುಂಟು. ಬಿಗಿದ ಮೇಲೆ ತಿರುಪಿನ ತಲೆಯಿಂದ ಚೌಕಟ್ಟಿನವರೆಗೆ ಉಗುರುಬಣ್ಣದಿಂದ ಒಂದು ಗೆರೆ ಎಳೆದಿಡಿರಿ. ಗೆರೆ ಮುರಿದಿದ್ದರೆ ತಿರುಪು ಸರಿದಿದೆಯೆಂದರ್ಥ. ಈ ಉಪಾಯಕ್ಕೆ ಖರ್ಚು ಏನೂ ಇಲ್ಲ, ಅಕ್ಕನ ಕೋಪವೊಂದನ್ನು ಬಿಟ್ಟರೆ.

ಎಚ್ಚರಿಕೆಯ ನಾಲ್ಕು ಮಾತುಗಳನ್ನೂ ಹೇಳತಕ್ಕದ್ದು. ಪೀಪ್ ಕೂರಿಸಲು ಬಿಲ್ಲಿನ ಹೆದೆಯನ್ನು ಸಡಿಲಿಸಬೇಕು. ಅದಕ್ಕೆ ಬಿಲ್ಲನ್ನು ಒತ್ತಿ ಹಿಡಿಯುವ ಯಂತ್ರ ಬೇಕು. ಇದನ್ನು ಮನೆಯಲ್ಲಿ ಮಾಡಲು ಹೋಗಬಾರದು. ಬಾಣವಿಲ್ಲದೆ ಹೆದೆಯನ್ನೆಳೆದು ಬಿಡಬಾರದು. ಬಿಲ್ಲು ಒಡೆದು ಮುಖಕ್ಕೆ ಬಡಿಯಬಹುದು. ಗುರಿಯ ಹಿಂದೆ ಏನಿದೆಯೆಂದು ತಿಳಿಯದೆ ಬಾಣ ಹೂಡಬಾರದು. ಮನೆಯ ಮಾಳಿಗೆಯಾಗಲಿ ಓಣಿಯಾಗಲಿ ಬಿಲ್ವಿದ್ಯೆಯ ಸ್ಥಳವಲ್ಲ; ತರಬೇತುದಾರರ ಕಣ್ಣೆದುರಿನ ಮೈದಾನವೇ ಅದರ ಸ್ಥಳ.

ವಿದ್ಯಾರ್ಥಿ ಮಿತ್ರರೇ, ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಲ್ಲಿ ಹಲವರ ಮನೆಯ ಸ್ಥಿತಿಯನ್ನು ನಾನು ಬಲ್ಲೆನು. ಬೆಲೆಬಾಳುವ ಬಿಲ್ಲು, ಬೆಲೆಬಾಳುವ ಪುಸ್ತಕ, ಬೆಲೆಬಾಳುವ ಪಾಠ ಇವಿಲ್ಲದ್ದರಿಂದಲೇ ನಾವು ಹಿಂದುಳಿದೆವೆಂಬ ಯೋಚನೆ ಸುಲಭವಾಗಿ ಬರುತ್ತದೆ. ಕೆಲವೊಮ್ಮೆ ಅದು ನಿಜವೂ ಹೌದು. ನೆಲ ಎಷ್ಟೋ ಸಲ ಡೊಂಕಾಗಿಯೇ ಇರುತ್ತದೆ. ಆದರೆ ಅಳೆದು ನೋಡದೆ ನೆಲವನ್ನು ಬೈಯಬೇಡಿರಿ, ಅಳೆದು ನೋಡದೆ ನಿಮ್ಮನ್ನೂ ಹಳಿದುಕೊಳ್ಳಬೇಡಿರಿ. ನನ್ನಂಥ ಹಿರಿಯರು ಉಪದೇಶ ಮಾಡಿದರೆ, ಅದನ್ನೂ ಒಮ್ಮೆ ಅಳೆದು ನೋಡಿರಿ.

ಆ ತಂದೆ ಸಾಲ ಮಾಡಲಿಲ್ಲ. ಮುಂಗಡವಾಗಿ ತಂದಿದ್ದ ಹಣವನ್ನು ಹಿಂದಿರುಗಿಸಿ, ಒಂದು ಭಾನುವಾರ ಬಯಲಿಗೆ ಬಂದು ಮಗನ ಬಾಣಗಳನ್ನು ನೋಡಿದರು. ಹೋಗುವಾಗ ಬಿಲ್ಲನ್ನು ಕೈಯಲ್ಲಿ ಹಿಡಿದು, ಪೀಪಿನ ರಂಧ್ರವನ್ನು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿ, "ಇಷ್ಟೇನಾ ಮೇಷ್ಟ್ರೇ?" ಎಂದರು. ಇಷ್ಟೇ. ಆದರೆ ಅಷ್ಟನ್ನು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಆ ವರ್ಷ ನನ್ನದಾಗಿರಲಿಲ್ಲ, ಆ ಹುಡುಗನದಾಗಿತ್ತು.